ಗಂಟಿಲ್ಲದ ನೂಲು

ಹತ್ತನೇ ಕ್ಲಾಸಿನ ಬಿ ಸೆಕ್ಷನ್ನಿನಲ್ಲಿ
ಯುರೋಪಿನ ನಕ್ಷೆ ತೂಗುಹಾಕುತ್ತೇನೆ.
ಮೇಲಿನ ಕೋಲು ಮುರಿದು ಎರಡು ವರ್ಷ,
ನಾರ್ವೆ ಸದಾ ಸ್ವಲ್ಪ ಜೋತುಬಿದ್ದಿರುತ್ತದೆ.
ಕಿಟಕಿಯಿಂದ ಗೂಡು ಬೇಯುವ ವಾಸನೆ.
ಶಿಡ್ಲಘಟ್ಟದಲ್ಲಿ ಹುಟ್ಟಿದವರಿಗೆ
ಅದು ವಾಸನೆಯಲ್ಲ, ಹವೆ.

ಇಟಲಿ ಒಂದಾಯಿತು, ಜರ್ಮನಿ ಒಂದಾಯಿತು,
ಬೋರ್ಡಿನ ಮೇಲೆ ಬರೆಯುತ್ತೇನೆ.
ಒಂದಾದ ಮೇಲೆ ಯಾಕೆ ಮಿಸ್ ಹೊಡೆದಾಡಿದ್ರು,
ಕೊನೆಯ ಬೆಂಚಿನ ನವಾಜ್.
ಐದು ಅಂಕದ ಉತ್ತರ ನನ್ನ ಬಳಿ ಇದೆ:
ವಸಾಹತು, ಮಾರುಕಟ್ಟೆ, ಗುಟ್ಟಿನ ಒಪ್ಪಂದ, ಫಿರಂಗಿ.
ಪಾಯಿಂಟು ಹಾಕಿ ಬರೆದರೆ ಐದಕ್ಕೆ ಐದು.
ಬರೆದುಕೊಳ್ಳುತ್ತಾರೆ, ತಲೆ ಬಗ್ಗಿಸಿ.
ಆಗ ನನಗೆ ನಾನಿಯ ಬೆರಳು ನೆನಪಾಗುತ್ತದೆ.

ನಲವತ್ತೆರಡನೇ ಇಸವಿ.
ಖೈರುನ್ನಿಸಾಗೆ ಹನ್ನೆರಡೋ, ಹದಿಮೂರೋ.
ಜಪಾನಿನ ರೇಷ್ಮೆ ಕಡಲಾಚೆಯೇ ನಿಂತು
ನಮ್ಮ ಹಳದಿ ಗೂಡಿಗೆ ಬೆಲೆ ಬಂದಿತ್ತು.
ಖಾಕಿ ಚಡ್ಡಿಯ ಇನ್‌ಸ್ಪೆಕ್ಟರ್ ಒಬ್ಬ
ಲಡಿಯನ್ನು ಬಿಸಿಲಿಗೆ ಹಿಡಿದು ನೋಡಿ
ಅವಳ ಅಬ್ಬನ ಕಾಲ ಬಳಿ ಎಸೆದನಂತೆ.
ಗಂಟಿರಬಾರದು. ಒಂದೂ ಇರಬಾರದು.

ಕುದಿನೀರ ಬಾನಿಗೆ ಕೈಯಿಟ್ಟು
ತುದಿ ಹುಡುಕುವುದು ಹುಡುಗಿಯರ ಕೆಲಸ.
ಸಣ್ಣ ಬೆರಳಿಗೆ ಬೇಗ ಸಿಗುತ್ತದೆ, ಅದಕ್ಕೆ.
ಎಂಟು ಗೂಡಿನ ಎಂಟು ಎಳೆಗೆ ಒಂದು ನೂಲು;
ಒಂದು ತೀರುವ ಮೊದಲೇ ಇನ್ನೊಂದರ ತುದಿ ಎಸೆದು
ಹಿಡಿಸಬೇಕು, ಚರಕ ನಿಲ್ಲದ ಹಾಗೆ.
ಒಳಗಿದ್ದ ಹುಳು ಬಾನಿಯಲ್ಲೇ ಉಳಿಯುತ್ತದೆ,
ಕಂದಗೆ, ಬರಿಮೈಯಲ್ಲಿ.

ಇದನ್ನ ಯಾರು ಉಡ್ತಾರೆ?
ಯಾರೂ ಉಡಲ್ಲ. ಇದರಲ್ಲಿ ಮನುಷ್ಯನ್ನ ತೂಗುಬಿಡ್ತಾರೆ.
ನೇಣಿಗಾ?
ಇನ್‌ಸ್ಪೆಕ್ಟರ್ ನಕ್ಕನಂತೆ. ಅಬ್ಬ ನಗಲಿಲ್ಲವಂತೆ.
ಅಲ್ಲಮ್ಮ, ಆಕಾಶದಿಂದ ಬೀಳೋನು ಬದುಕೋಕೆ.

ಅವತ್ತಿನಿಂದ ನೂಲಿನ ಕೊನೆಗೆ ಒಬ್ಬ ಇದ್ದ.
ಯಾವ ದೇಶದವನೋ. ಹೆಸರಿಲ್ಲ, ಮೀಸೆ ಬಂದಿಲ್ಲ.
ತುದಿ ಸಿಕ್ಕಾಗಲೆಲ್ಲ ಬಿಸ್ಮಿಲ್ಲಾ ಅನ್ನುತ್ತಿದ್ದಳು,
ಅವನ ಭಾರ ತನ್ನ ಬೆರಳಿಗೇ ಬಂದ ಹಾಗೆ.
ಲಡಿಗಳು ಮೂಟೆಯಾಗಿ ಸಣ್ಣ ರೈಲು ಹತ್ತಿದವು.
ಗೌಡನ ಕೆರೆಯ ಏರಿಯ ಮೇಲೆ ನಿಂತು
ಹೊಗೆ ಮರೆಯಾಗುವ ತನಕ ನೋಡಿದಳಂತೆ.

ಎಂಬತ್ತು ದಾಟಿದ ಮೇಲೂ ಕೇಳುತ್ತಿದ್ದಳು:
ನೀನು ಹಿಸ್ಟರಿ ಓದಿದವಳಲ್ಲ,
ಅವನು ಇಳಿದನಾ?
ಇಳಿದ ನಾನಿ, ಅಂದೆ.
ಇಳಿದವನ ಭುಜದಲ್ಲಿ ಏನು ತೂಗುತ್ತಿತ್ತು,
ಇಳಿದ ಊರಿನಲ್ಲೂ ಗೂಡಿನ ಹಾಗೆ ಬಿಳಿ ಮನೆಗಳಿದ್ದವು,
ಒಳಗೆ ಯಾರು ಮಲಗಿದ್ದರು,
ಅದೇ ಬಟ್ಟೆ ಕಟ್ಟಿ ಬಾಂಬನ್ನೂ ಇಳಿಸುತ್ತಿದ್ದರು, ಮೆಲ್ಲಗೆ,
ಏಟು ತಗಲದ ಹಾಗೆ, ಎಂದು
ಎಂ.ಎ. ಮಾಡುವಾಗ ಓದಿದ್ದೆ.
ಹೇಳಲಿಲ್ಲ.
ಹೇಳಬೇಕಿತ್ತು ಅಂತ ಕೆಲವು ರಾತ್ರಿ ಅನ್ನಿಸುತ್ತದೆ,
ಕೆಲವು ರಾತ್ರಿ ಇಲ್ಲ.

ಆಧಾರ್ ಮಾಡಿಸಲು ಕರೆದೊಯ್ದ ದಿನ
ಗಾಜಿನ ಮೇಲೆ ಹತ್ತೂ ಬೆರಳು ಒತ್ತಿಸಿದರು.
ಮಿಷನ್ನು ಕೆಂಪು ದೀಪ ಹಾಕಿತು.
ಇನ್ನೊಮ್ಮೆ ಒತ್ತಿ ಅಜ್ಜಿ. ಇನ್ನೊಮ್ಮೆ. ಒರೆಸಿ ಒತ್ತಿ.
ರೇಖೆಯೇ ಇಲ್ಲ ಇವರಿಗೆ, ಅಂದ ಹುಡುಗ.
ಇತ್ತು, ಅಂದಳು ನಾನಿ ಅವನಿಗೆ,
ನೀರಲ್ಲಿ ಹೋಯ್ತು.
ಬೇಜಾರೇನೂ ಇರಲಿಲ್ಲ ದನಿಯಲ್ಲಿ.
ಬಾಗಿಲಲ್ಲಿ ಚಪ್ಪಲಿ ಹುಡುಕತೊಡಗಿದಳು.

ಬೆಲ್ಲಾಗುತ್ತದೆ. ನಕ್ಷೆ ಸುತ್ತಲು ಹೋದರೆ
ನವಾಜ್ ಎದ್ದು ಬರುತ್ತಾನೆ.
ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿದೆ;
ಬೆಳಿಗ್ಗೆ ಯಾವ ಬಾನಿಯ ಮುಂದಿದ್ದ, ಕೇಳುವುದಿಲ್ಲ,
ನನಗೆ ಆ ಮನೆ ಗೊತ್ತು.
ಜೇಬಿನಿಂದ ಒರಟು ರೇಷ್ಮೆಯ ತುಂಡು ತೆಗೆದು
ಮುರಿದ ಕೋಲಿಗೆ ಸುತ್ತಿ, ಹಲ್ಲಿನಲ್ಲಿ ಎಳೆದು
ಎರಡು ಗಂಟು ಹಾಕುತ್ತಾನೆ, ದಪ್ಪ ಗಂಟು.

ನಾರ್ವೆ ಈಗ ನೆಟ್ಟಗಿದೆ.
ಇಟಲಿಯ ಕಡೆ ಒಂಚೂರು ಜೋತಿದೆ, ಮಿಸ್,
ನಾಳೆ ನೋಡೋಣ ಅನ್ನುತ್ತಾನೆ.