ಇನ್ನೂರ ಹನ್ನೆರಡನೆಯ ಕೊಂಡಿ

ಪೋಜ್ನಾನ್. ನೆಲಮಾಳಿಗೆಯ ಶೀತಕೋಣೆ, ನಾಲ್ಕು ಡಿಗ್ರಿ.
ಇಲ್ಲಿ ಬೊಗುಮಿವಾ ಹನ್ನೊಂದು ಚಳಿಗಾಲ
ಒಂದೇ ಪ್ರೋಟೀನನ್ನು ಹರಳಾಗು, ಹರಳಾಗು ಎಂದು ಓಲೈಸಿದಳು.
ಉಪ್ಪು ಏರಿಸಿ, ಉಪ್ಪು ಇಳಿಸಿ,
ಒಮ್ಮೆ ಬೆಕ್ಕಿನ ಮೀಸೆಯಿಂದ ಹನಿಯನ್ನು ಸವರಿ.
ಬಂದದ್ದು ಸಾಸಿವೆಗಿಂತ ಸಣ್ಣದು,
ಅದರಲ್ಲೂ ಬಿರುಕು.

ಇವತ್ತು ಇಗ್ನಾತ್ಸಿ ಲ್ಯಾಪ್‌ಟಾಪ್ ತಂದ.
ಅಕ್ಷರಗಳ ಸಾಲು ಕೊಟ್ಟನಂತೆ,
ಚಹಾ ಆರುವ ಮೊದಲೇ ಯಂತ್ರ ಮಡಚಿ ಕೈಗಿಟ್ಟಿತಂತೆ:
ಸುರುಳಿ, ಪಟ್ಟಿ, ಮತ್ತೆ ಸುರುಳಿ,
ಇನ್ನೂರ ಹನ್ನೆರಡರಲ್ಲಿ ತಟ್ಟನೆ ಒಂದು ತಿರುವು.

ಆ ತಿರುವು ಅವಳಿಗೆ ಗೊತ್ತು.
ತೊಂಬತ್ತೆಂಟರಲ್ಲಿ ಕಂಡಿತ್ತು, ಮಸುಕುಮಸುಕಾಗಿ.
'ನನ್ನದೇ ತಪ್ಪು' ಎಂದು ಅಂಚಿನಲ್ಲಿ
ಪೆನ್ಸಿಲಿನಿಂದ ಬರೆದು ಮುಂದೆ ಹೋಗಿದ್ದಳು.

ಅಳುತ್ತಾಳೇನೋ ಎಂದು ಹುಡುಗ ಹೆದರಿದ.
ಅವಳು ಪರದೆಗೆ ಮೂಗು ತಾಗುವಷ್ಟು ಬಾಗಿ,
"ಇದು ಮಡಚಿ ಮುಗಿದದ್ದು, ಒಪ್ಪಿದೆ.
ಆದರೆ ಆ ಕತ್ತಲೆಯಲ್ಲಿ, ಆ ನೂಕುನುಗ್ಗಲಲ್ಲಿ,
ಮೊದಲು ಯಾವ ತುದಿ ಯಾವುದನ್ನು ಮುಟ್ಟಿತು?"

ಅವನಿಗೆ ಗೊತ್ತಿಲ್ಲ.
ಯಂತ್ರಕ್ಕೂ.

ಮತ್ತೆ ಶುರು ಎಂದು ಕೋಟಿನ ತೋಳು ಮಡಚಿದಳು.
ಹಳೆಯ ನೋಟ್‌ಬುಕ್ಕು ಕಪಾಟಿನ ತಳದಲ್ಲಿ ಸಿಕ್ಕಿತು.
ಈಗ ರಬ್ಬರು ಹುಡುಕುತ್ತಿದ್ದಾಳೆ.