ಎಚ್ಚರ

ಯಂತ್ರದ ಹೊಟ್ಟೆಯ ಮೇಲೆ ಹಳದಿ ಚೀಟಿ:
'ಎಚ್ಚರ'. ಕೆಳಗೆ ತುಂಡಾದ ಕೈಯ ಚಿತ್ರ.
ಕನ್ನಡದಲ್ಲಿ ಬರೆಸಿದ್ದು ನಮ್ಮ ರೈಟರು.
ಅದು ನಮಗೆ ಹೇಳುವ ಮಾತೋ,
ಯಂತ್ರದ ಗುಣವೋ
ಅಂತ ಮೊದಲ ವಾರ ನಾನು ಕೇಳಿದ್ದಕ್ಕೆ
ಗೋಡೌನೆಲ್ಲ ನಕ್ಕಿತ್ತು.

ಮೊದಲು ನಾವು ಅರವತ್ತು ಜನ.
ಉಪ್ಪಳ್ಳಿಯಿಂದ, ಕೋಟೆಯಿಂದ, ಹಿರೇಮಗಳೂರಿಂದ
ಬುತ್ತಿ ಹಿಡಿದು ಎಂಟಕ್ಕೆ ಬಂದು
ಉದ್ದ ಮೇಜಿನ ಎರಡೂ ಬದಿ ಕೂತು
ಕಾಫಿಬೀಜ ಆಯುತ್ತಿದ್ದೆವು.
ಕೆಲಸ ಕಲಿಸಿದ್ದು ಫ್ಲೇವಿಯಾ ಬಾಯಿ, ಒಂದೇ ಉಸಿರಿನಲ್ಲಿ:
'ಕಪ್ಪಿದ್ರೆ ತೆಗಿ. ಇಲ್ದಿದ್ರೆ ಬಿಡು.'
ಅಷ್ಟರಲ್ಲೇ ಇಪ್ಪತ್ತೆರಡು ವರ್ಷ.

ಈಗ ಆರು ಜನ, ಒಂದು ಯಂತ್ರ.
ಬೀಜ ಮೇಲಿಂದ ಜಾರುತ್ತದೆ,
ಒಂದು ಗಾಜಿನ ಕಣ್ಣು ನೋಡುತ್ತದೆ,
ಫಟ್ ಅಂತ ಗಾಳಿ,
ಕಪ್ಪು ಬೀಜ ಆ ಕಡೆ.
ಗಂಟೆಗೊಮ್ಮೆ ಆ ಕಣ್ಣು ಒರೆಸುವುದು ನನ್ನ ಕೆಲಸ.
ಧೂಳು ಕೂತರೆ ಅದಕ್ಕೆ ಲೋಕವೆಲ್ಲ ಕಪ್ಪು;
ಒಮ್ಮೆ ಒಂದು ಮೂಟೆ ಒಳ್ಳೇ ಪೀಬೆರಿಯನ್ನು
ಊದಿ ಊದಿ ಕಸಕ್ಕೆ ಹಾಕಿತ್ತು.
ಅನುಮಾನದ ಗಂಡನನ್ನು ಕಟ್ಟಿಕೊಂಡಿದ್ದವಳು ನಾನು,
ಅದರ ಮೇಲೆ ಸಿಟ್ಟು ಬರಲಿಲ್ಲ.

ರಿಪೇರಿಗೆ ಹಾಸನದಿಂದ ಬರುವ ಹುಡುಗ ಇಮ್ತಿಯಾಜ್
ಲ್ಯಾಪ್‌ಟಾಪ್ ತೆರೆದು ತೋರಿಸಿದ:
'ನೋಡಕ್ಕ, ಇದರ ತಲೇಲಿ ಇರೋದು ಎರಡೇ ಸಾಲು.
ಬಣ್ಣ ಈ ಅಂಕೆಗಿಂತ ಕೆಳಗಿದ್ರೆ ಊದು.
ಇಲ್ದಿದ್ರೆ ಸುಮ್ನಿರು.'
'ಸುಮ್ನಿರೋದು ಗೊತ್ತಾ ಅದಕ್ಕೆ?' ಅಂದೆ.
ಅವನು ಟೀ ಲೋಟ ಕೆಳಗಿಟ್ಟ.
'ಗೊತ್ತು ಅನ್ನೋದೆಲ್ಲ ಇದಕ್ಕಿಲ್ಲ.
ಇದಕ್ಕೆ ಗೊತ್ತಾಗುತ್ತೆ ಅಂದ್ರೆ
ಇಲಿಬೋನಿಗೂ ಗೊತ್ತಾಗುತ್ತೆ ಅನ್ಬೇಕು.'

ಇರಬಹುದು.
ಆದರೆ ಎರಡೇ ಸಾಲಲ್ಲಿ
ನನ್ನನ್ನೂ ಬರೆದು ಮುಗಿಸಿದ್ದರಲ್ಲ.
ಮೇಜಿನ ಮುಂದೆ ಕೂತ ಆ ಇಪ್ಪತ್ತೆರಡು ವರ್ಷ
ನಾನು ಅಲ್ಲಿ ಎಷ್ಟು ಹೊತ್ತು ಇದ್ದೆ?
ಮನಸ್ಸು ಮಲ್ಲಂದೂರು ಬಸ್ಸಿನಲ್ಲಿ,
ಚೀಟಿ ದುಡ್ಡಿನಲ್ಲಿ, ಮಗಳ ಸೋರುವ ಕಿವಿಯಲ್ಲಿ;
ಬೆರಳು ಮಾತ್ರ ಹುಡುಕುತ್ತ, ತೆಗೆಯುತ್ತ, ಬಿಡುತ್ತ.
ಸಂಜೆ ತೂಕಕ್ಕೆ ಹಾಕಿದಾಗಲೇ
'ಓ, ಇಷ್ಟು ಆಯ್ದೆನಾ' ಅನ್ನಿಸುತ್ತಿದ್ದದ್ದು.
ಯಾರು ಆಯ್ದದ್ದು?

ರಾತ್ರಿ ನಿದ್ದೆಯಲ್ಲಿ
ಕಂಬಳಿಯ ಗಂಟು ಒಂದೊಂದೇ ಕೀಳ್ತೀಯ
ಅಂತ ತಂಗಿ ರುದ್ರಿ ಬೈಯುತ್ತಿದ್ದಳು.
ಆ ಬೆರಳಿಗೆ ಎಚ್ಚರವಿತ್ತು ಅನ್ನಲೇ?
ನನಗಂತೂ ಇರಲಿಲ್ಲ.

ಒಮ್ಮೊಮ್ಮೆ ಮಾತ್ರ
ಪೂರ್ತಿ ಕಪ್ಪಲ್ಲದ, ಪೂರ್ತಿ ಹಸಿರೂ ಅಲ್ಲದ
ಒಂದು ಬೀಜ ಬಂದು
ಬೆರಳು ತಾನೇ ನಿಂತುಬಿಡುತ್ತಿತ್ತು.
ನಾನು ಬಸ್ಸಿಳಿದು, ಓಡಿ ಬಂದು,
ಏನಾಯ್ತೇ, ಅಂತ ನನ್ನದೇ ಕೈಯನ್ನು ಕೇಳುತ್ತಿದ್ದೆ.
ಚಿಟಿಕೆ ಹೊಡೆಯುವಷ್ಟು ಹೊತ್ತು.
ಅಷ್ಟು ಹೊತ್ತು ನಾನು ಇದ್ದೆ.

ಯಂತ್ರ ಹಾಗೆ ನಿಲ್ಲುವುದನ್ನು ನೋಡಿಲ್ಲ.
ಅದು ನಿಂತರೆ ಕರೆಂಟು ಹೋಯಿತು ಅಂತಲೇ.
ಆದರೂ ಮೊನ್ನೆ ಶನಿವಾರ, ಎಲ್ಲರೂ ಊಟಕ್ಕೆ ಹೋದಾಗ,
ಅಂಥದೊಂದು ನಡುಬಣ್ಣದ ಬೀಜ ಹುಡುಕಿ
ಮೇಲಿಂದ ಅದೊಂದನ್ನೇ ಬಿಟ್ಟೆ.
ಒಳ್ಳೆಯ ಕಡೆ ಬಂತು.
ಮತ್ತೆ ಬಿಟ್ಟೆ. ಮತ್ತೂ ಒಳ್ಳೆಯದೇ.
ಮೂರನೇ ಸಲ, ಫಟ್.
ಕಸ.

ಇಮ್ತಿಯಾಜ್‌ಗೆ ಫೋನ್ ಮಾಡಿ ಕೇಳಿದೆ.
'ಬೀಜ ಹೊರಳಿ ಬಿದ್ದಿರುತ್ತೆ ಅಕ್ಕ,
ಬೆಳಕು ಬೇರೆ ಮಗ್ಗುಲಿಗೆ ಬಿದ್ದಿರುತ್ತೆ, ಅಷ್ಟೇ.'
ಅಷ್ಟೇ ಅನ್ನುವ ಪದ
ಅವನ ಬಾಯಲ್ಲಿ ಎಷ್ಟು ಸಲೀಸು.
ನಾನು ಆ ಮನೆ ಬಿಟ್ಟು ಬಂದದ್ದೂ,
ಮೂರು ವರ್ಷದ ಮೇಲೆ ಆಸ್ಪತ್ರೆಯಲ್ಲಿ
ಅದೇ ಗಂಡನಿಗೆ ಗಂಜಿ ಕುಡಿಸಿದ್ದೂ
ಬೆಳಕು ಬೇರೆ ಮಗ್ಗುಲಿಗೆ ಬಿದ್ದೇ ಇರಬೇಕು.

ಬೀಜವನ್ನು ಸೆರಗಿನ ತುದಿಗೆ ಕಟ್ಟಿ ತಂದಿದ್ದೇನೆ.
ಸಾಸಿವೆ ಡಬ್ಬಿಯ ಮುಚ್ಚಳದ ಮೇಲಿದೆ.
ಒಳ್ಳೆಯದೋ ಕೆಟ್ಟದ್ದೋ
ನಾನಿನ್ನೂ ಹೇಳಿಲ್ಲ.
ದೀಪ ಆರಿಸುವಾಗ ಬೆರಳು ಅತ್ತ ಹೋಗುತ್ತದೆ,
ನಿಲ್ಲುತ್ತದೆ.