ಒಂಬತ್ತನೆಯ ಸಾಲು

ದೊಸ್ಸೋ ಊರಿನಾಚೆ, ಕೆಮ್ಮರಳಿನ ಪ್ರಯೋಗದ ಹೊಲದಲ್ಲಿ
ಸಜ್ಜೆಯ ತೆನೆಗಳಿಗೆ ಕಾಗದದ ಟೋಪಿ ತೊಡಿಸುವುದು ನನ್ನ ಕೆಲಸ.
ಹತ್ತೊಂಬತ್ತು ವರ್ಷವಾಯಿತು.
ಯಾವ ತೆನೆಯ ಧೂಳು ಯಾವ ತೆನೆಗೆ ಬೀಳಬೇಕೆಂದು
ಗಾಳಿಗೆ ಹೇಳಿಕೊಡುವವನು ನಾನು.
ಗಾಳಿ ಕೇಳುವುದಿಲ್ಲ, ಅದು ಬೇರೆ ಮಾತು.

ಆ ವರ್ಷ ಸಾಲುಗಳು ಇನ್ನೂರ ಹನ್ನೊಂದು.
ಊರೂರು ಅಲೆದು ತಂದದ್ದು:
ಸೋರೆಬುರುಡೆಗಳಿಂದ,
ಒಲೆಯ ಮೇಲೆ ತೂಗಿ ಮಸಿ ಹಿಡಿದ ಕಟ್ಟುಗಳಿಂದ,
ಒಬ್ಬ ಕುರುಡಿ ಮುದುಕಿಯ ಬಟ್ಟೆಯ ಗಂಟಿನಿಂದ.
ಗೇಣುದ್ದದ ತೆನೆ, ನನ್ನ ತೋಳಿಗಿಂತ ಉದ್ದದ ತೆನೆ,
ಬೂದು, ಹಳದಿ, ಎಲ್ಲೋ ಒಂದು ನೇರಳೆ.
ಒಂಬತ್ತನೆಯದು ಚಿಕ್ಕಮ್ಮ ಬಿಬಾತಾ ಕೊಟ್ಟ ಮೀಸೆ ಸಜ್ಜೆ.
ಮುಟ್ಟಿದರೆ ಬೆರಳಿಗೆ ಚುಚ್ಚುತ್ತಿತ್ತು.

ಡಾಕ್ಟರ್ ಹಸೂಮಿ ಎಂಟನ್ನು ಆರಿಸಿದರು.
ಒಂದೇ ವಾರದಲ್ಲಿ ಹೂವಾಗುವ ಎಂಟು.
ಒಂಬತ್ತನೆಯದು ಹನ್ನೆರಡು ದಿನ ತಡ;
ಕೆಂಪು ಪೆನ್ಸಿಲ್ಲಿನ ಗೀಟು ಎಳೆದದ್ದು ಅವರಲ್ಲ, ನಾನು.
ಎಂಟರಿಂದಲೂ ಸಮತೂಕದ ಬೀಜ, ಒಂದೇ ಚೀಲಕ್ಕೆ.
ದೂರದ ಒಂಟಿ ಹೊಲದಲ್ಲಿ ಬಿತ್ತಿ
ತಮ್ಮತಮ್ಮಲ್ಲೇ ಬೆರೆಯಲಿ ಎಂದು ಬಿಟ್ಟೆವು.

ಮೊದಲ ಸುಗ್ಗಿಗೆ ಕಣ ಸಾಲಲಿಲ್ಲ.
ಮಂತ್ರಿಗಳು ಬಂದು ತೆನೆ ಹಿಡಿದು ಫೋಟೋ ತೆಗೆಸಿಕೊಂಡರು.
ಚಿಕ್ಕಮ್ಮ ಮಾತ್ರ ಮೊರ ಕೆಳಗಿಟ್ಟು ಕೇಳಿದಳು:
“ಎಂಟೇ ಮನೆಯ ಊರೇನೋ ಕಿಂಬಾ?
ಮೊಮ್ಮಕ್ಕಳಿಗೆ ಹೆಣ್ಣು ಎಲ್ಲಿಂದ ತರ್ತೀರಿ?”
ನಾವು ನಕ್ಕೆವು.
ಅವಳೂ ನಕ್ಕಳು. ಅವಳಿಗೆ ಹಲ್ಲಿರಲಿಲ್ಲ.

ಐದನೆಯ ಪೀಳಿಗೆಗೆ ದಂಟು ಒಂದು ಗೇಣು ಕುಗ್ಗಿತು.
ಕೆಲವು ಸಸಿ ಹಾಲಿನಷ್ಟು ಬಿಳಿ ಹುಟ್ಟಿ
ನಾಲ್ಕನೇ ದಿನಕ್ಕೆ ಮಲಗಿದವು.
ವರದಿಯಲ್ಲಿ ಬರೆದೆ: ಏಕರೂಪತೆ ಅತ್ಯುತ್ತಮ.
ಸುಳ್ಳಲ್ಲ. ಎಲ್ಲ ತೆನೆಗೂ ಒಂದೇ ಮುಖ,
ಎಲ್ಲವೂ ಒಟ್ಟಿಗೆ ಹಾಲುಗಾಳು,
ಒಟ್ಟಿಗೆ ಮೆತ್ತಗೆ,
ಒಂದಕ್ಕೂ ಮೀಸೆಯಿಲ್ಲ.

ಕೆಂಪು ಕೊಕ್ಕಿನ ಹಕ್ಕಿಗಳಿಗೆ ಹುಡುಕುವ ಕಷ್ಟವಿರಲಿಲ್ಲ.
ಮೂರು ಬೆಳಗು.
ಮಕ್ಕಳು ತಗಡು ಬಡಿದು ಬಡಿದು ಕೈ ಸೋತರು.
ಹಕ್ಕಿ ಎದ್ದಾಗ ಹೊಲ ಹಗುರಾಗಿತ್ತು,
ದಂಟುಗಳು ನೆಟ್ಟಗೆ ನಿಂತವು, ಬಾಗಲು ಭಾರವಿಲ್ಲದೆ.

ಚಿಕ್ಕಮ್ಮನ ಮನೆಗೆ ಓಡಿದೆ.
ಅವಳು ತೀರಿ ಎರಡು ವರ್ಷ; ಸೊಸೆ
ನಮ್ಮದೇ ಮುದ್ರೆಯ ಖಾಲಿ ಚೀಲ ತೋರಿಸಿದಳು.
ಮನೆಯ ಬೀಜ? ಹೊಸದು ಬಂದ ಮೇಲೆ
ಅದನ್ನು ಗಂಜಿ ಮಾಡಿ ಕುಡಿದರಂತೆ. ರುಚಿಯಾಗಿತ್ತಂತೆ.

ಗೋದಾಮಿನ ಕೋಲ್ಡ್ ರೂಮಿನಲ್ಲಿ,
ಕರೆಂಟು ಹೋಗಿ ಬಂದು ಹೋಗುವ ಕತ್ತಲಲ್ಲಿ,
ಒಂಬತ್ತರ ಡಬ್ಬಿ ಸಿಕ್ಕಿತು. ನನ್ನದೇ ಅಕ್ಷರ.
ಒದ್ದೆ ಕಾಗದದ ಮೇಲೆ ನೂರು ಕಾಳು ಹರಡಿದೆ.
ಮೊಳೆತದ್ದು ಮೂರು.

ಮೂರು ಎಂಬುದು ಎಂಟಕ್ಕಿಂತ ಕಡಿಮೆ,
ಅಷ್ಟು ಲೆಕ್ಕ ನನಗೂ ಬರುತ್ತದೆ.
ಆದರೂ ನೆಟ್ಟೆ, ನೀರೆರೆದೆ.
ತೆನೆ ಹೊರಟಾಗ ಬೆರಳಿಟ್ಟು ನೋಡಿದೆ, ಚುಚ್ಚಿತು.
ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿ ಟೋಪಿ ತೊಡಿಸಲಿಲ್ಲ,
ಗಾಳಿ ಎಲ್ಲಿಂದಾದರೂ ಸಂಬಂಧ ತರಲಿ ಎಂದು.

ಗಾಳಿ ಬಂತು, ಧಾರಾಳವಾಗಿ.
ಸುತ್ತ ಕಣ್ಣು ಹರಿಯುವಷ್ಟು ದೂರ
ಎಲ್ಲ ಹೊಲದಲ್ಲೂ ಅದೇ ಎಂಟು.